ಗೋಡೆ ಮುಚ್ಚುವ ಮೊದಲು ವೈರಿಂಗ್ ನೋಡಿ

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಈ ಸಂತೋಷದ ಗಳಿಗೆಯಲ್ಲಿ ನಮ್ಮಂಥ ವೈರಿಂಗ್ ಕೆಲಸದವರಿಗೂ ನಾಲ್ಕು ಮಾತಾಡುವ ಅವಕಾಶ ಕೊಟ್ಟಿದ್ದೀರಿ. ಸಂಘದಲ್ಲಿ ಸಾಲ ಪಡೆದು ಮನೆ ರಿಪೇರಿ ಮಾಡಿಸುವವರು ಹೆಚ್ಚಾಗಿ ಮೊದಲು ಕೈಹಾಕುವುದು ಅಡಿಗೆಮನೆಗೆ. ಆ ಸಮಯದಲ್ಲಿ ವೈರಿಂಗ್ ಒಳ್ಳೆಯದೋ ಕೆಟ್ಟದ್ದೋ ಎಂದು ಮನೆಯವರೇ ತಿಳಿಯುವುದು ಹೇಗೆ ಎಂಬುದೇ ಇಂದಿನ ನಮ್ಮ ವಿಷಯ.

ಹಿಂದೆ ಅಡಿಗೆಮನೆಗೆ ಒಂದು 40 ವ್ಯಾಟಿನ ಬಲ್ಬು ಇದ್ದರೆ ಅದೇ ದೊಡ್ಡದು. ಒರಳುಕಲ್ಲಿಗೆ ಕರೆಂಟು ಬೇಕಿರಲಿಲ್ಲ. ಆ ಬಲ್ಬಿಗೆ ಹರಿಯುತ್ತಿದ್ದುದು ಒಂದು ಆಂಪಿಯರಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಈಗ ಲೆಕ್ಕ ಹಾಕಿ. ನಮ್ಮ ಮನೆಗೆ ಬರುವುದು 230 ವೋಲ್ಟು. 2000 ವ್ಯಾಟಿನ ಇಂಡಕ್ಷನ್ ಒಲೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 750 ವ್ಯಾಟಿನ ಮಿಕ್ಸಿ 3.3, 700 ವ್ಯಾಟಿನ ಅನ್ನದ ಕುಕ್ಕರ್ 3. ಬೆಳಗ್ಗೆ ಮಕ್ಕಳನ್ನು ಶಾಲೆಗೆ ಕಳಿಸುವ ಗಡಿಬಿಡಿಯಲ್ಲಿ ಮೂರೂ ಒಟ್ಟಿಗೆ ಓಡಿದರೆ 15 ಆಂಪಿಯರ್ ಆಯಿತು! ಕರೆಂಟು ಎರಡರಷ್ಟಾದರೆ ವೈರಿನ ಬಿಸಿ ನಾಲ್ಕರಷ್ಟಾಗುತ್ತದೆ. ಬಲ್ಬಿಗೆಂದು ಎಳೆದ ಹಳೇ ವೈರು ಇದನ್ನು ಎಷ್ಟು ದಿನ ತಡೆದೀತು?

ಆದರೆ ರಿಪೇರಿ ಸಮಯದಲ್ಲಿ ನಮ್ಮ ಜನರ ಗಮನವೆಲ್ಲ ಗ್ರಾನೈಟ್ ಕಟ್ಟೆ, ಟೈಲ್ಸಿನ ಬಣ್ಣ, ಕಪಾಟಿನ ಬಾಗಿಲ ಮೇಲೆ. ವೈರಿನ ಮಾತು ಬಂದಾಗ ಮಾತ್ರ "ಇರೋದೇ ಇರ್ಲಿ ಬಿಡಿ, ನಡೀತಾ ಇದೆಯಲ್ಲ" ಅಂತಾರೆ. ಹೊರಗೆ ಥಳಕು, ಒಳಗೆ ಹುಳುಕು ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿದ್ದಿರಬೇಕು. ಟೈಲ್ಸ್ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ವೈರು ಕೆಟ್ಟರೆ ಗೋಡೆಯ ಒಳಗೇ ಸುಡುತ್ತದೆ. ಗೋಡೆ ಕೊರೆದು ಪೈಪು ಇಟ್ಟ ದಿನದಿಂದ ಗಾರೆ ಮೆತ್ತುವ ದಿನದವರೆಗೆ ಮಾತ್ರ ಅದನ್ನು ನೋಡಲು ನಮಗೆ ಅವಕಾಶ. ಆಮೇಲೆ ನೋಡಬೇಕೆಂದರೆ ಟೈಲ್ಸನ್ನೇ ಒಡೆಯಬೇಕು.

ಮೊದಲನೆಯದಾಗಿ, ಹಳೇ ವೈರಿಂಗ್ ಉಳಿಸಿಕೊಳ್ಳಬಹುದೇ ಎಂದು ನೋಡಿ. ಮಿಕ್ಸಿ ಹಾಕಿದ ಕೂಡಲೇ ದೀಪ ಮಂಕಾಗುವುದು, ಸ್ವಿಚ್ ಬೋರ್ಡು ಮುಟ್ಟಿದರೆ ಬಿಸಿ, ಪ್ಲಗ್ಗಿನ ತೂತಿನ ಸುತ್ತ ಕಂದು ಕಲೆ, ಚಟಚಟ ಸದ್ದು, ಸುಟ್ಟ ವಾಸನೆ, ಇವೆಲ್ಲ ಕಾಯಿಲೆಯ ಲಕ್ಷಣಗಳು. ಮೈನ್ ಆಫ್ ಮಾಡಿಸಿ ಒಂದು ಬೋರ್ಡನ್ನು ಬಿಚ್ಚಿಸಿ. ವೈರಿನ ಮೇಲಿನ ಹೊದಿಕೆ ಬಾಗಿಸಿದರೆ ಪುಡಿಯಾಗಿ ಉದುರಿತೋ, ಪೂರ್ತಿ ಬದಲಿಸಲೇಬೇಕು. ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ ತಂತಿ ಕಂಡರೆ ಅದಕ್ಕೆ ಹೊಸ ತಾಮ್ರದ ವೈರು ತಿರುಚಿ ಟೇಪು ಸುತ್ತಲು ಬಿಡಬೇಡಿ. ತೇವ ತಗುಲಿದರೆ ಆ ಎರಡು ಲೋಹಗಳ ಜೋಡಣೆ ತಿಂದುಹೋಗಿ ಸಡಿಲವಾಗುತ್ತದೆ, ಬಿಸಿಯಾಗುತ್ತದೆ.

ಎರಡನೆಯದು, ಹೊಸ ವೈರಿನ ಗುಣಮಟ್ಟ. ದೀಪಕ್ಕೆ 1.5 ಚದರ ಮಿಲಿಮೀಟರ್, 16 ಆಂಪಿಯರಿನ ದೊಡ್ಡ ಪ್ಲಗ್ಗಿಗೆ 2.5, ಹೆಚ್ಚು ವ್ಯಾಟಿನ ಗೀಸರಿನಂಥ ಭಾರಕ್ಕೆ 4, ಇದು ರೂಢಿಯ ಅಳತೆ. ವೈರಿನ ಮೈಮೇಲೆ ತಯಾರಕರ ಹೆಸರು, ಅಳತೆ, ಐಎಸ್‌ಐ ಗುರುತು ಅಚ್ಚಾಗಿರಬೇಕು. ಗುರುತಿನ ಜೊತೆಗಿರುವ ಸಿಎಂ/ಎಲ್ ಸಂಖ್ಯೆಯನ್ನು ಮೊಬೈಲಿನ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಲೈಸೆನ್ಸು ಅಸಲಿಯೋ ನಕಲಿಯೋ ತಿಳಿಯುತ್ತದೆ. ಇದು ಆಗದವರಿಗೆ ನಮ್ಮ ಸಂಘದ ತಕ್ಕಡಿಯೇ ಇದೆ! 90 ಮೀಟರಿನ 2.5ರ ಸುರುಳಿಯಲ್ಲಿ ತಾಮ್ರವೇ ಹತ್ತಿರ ಹತ್ತಿರ ಎರಡು ಕಿಲೋ ಇರಬೇಕು. ಮೇಲಿನ ಹೊದಿಕೆಯೂ ಸೇರಿ ಎರಡು ಕಿಲೋ ದಾಟದಿದ್ದರೆ ಅಂಗಡಿಗೆ ವಾಪಸ್ ಕೊಡಿ. ಒಂದು ಎಳೆಯನ್ನು ಚಾಕುವಿನಿಂದ ಕೆರೆದೂ ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ.

ಮೂರನೆಯದು, ಕೆಲಸ ಮಾಡಿರುವ ರೀತಿ. ಪೈಪಿನೊಳಗೆ ಎಲ್ಲಿಯೂ ಜೋಡಣೆ ಇರಬಾರದು. ಜೋಡಣೆ ಏನಿದ್ದರೂ ಬಿಚ್ಚಿ ನೋಡಬಹುದಾದ ಡಬ್ಬಿಯಲ್ಲೇ. ವೈರನ್ನು ಪೈಪಿಲ್ಲದೆ ನೇರ ಗಾರೆಯಲ್ಲಿ ಹೂಳಬಾರದು. ಕಪ್ಪು ವೈರು ನ್ಯೂಟ್ರಲ್‌ಗೆ, ಹಸಿರು ಅರ್ಥಿಂಗ್‌ಗೆ ಮೀಸಲು. ಸ್ವಿಚ್ಚು ಫೇಸ್ ವೈರಿನಲ್ಲೇ ಇರಬೇಕು. ನ್ಯೂಟ್ರಲ್‌ನಲ್ಲಿದ್ದರೆ ಸ್ವಿಚ್ ಆರಿಸಿದ ಮೇಲೂ ಮಿಕ್ಸಿಯೊಳಗೆ ಕರೆಂಟು ನಿಂತಿರುತ್ತದೆ. ಅಡಿಗೆಮನೆಯ ದೊಡ್ಡ ಪ್ಲಗ್ಗುಗಳಿಗೆ ಮೈನ್ ಬೋರ್ಡಿನಿಂದಲೇ ಬೇರೆ ವೈರು ಬರಲಿ. ಪ್ಲಗ್ಗು ಒಲೆಯ ಮೇಲೂ ಬೇಡ, ನಲ್ಲಿಯ ಪಕ್ಕವೂ ಬೇಡ. ಸಿಲಿಂಡರ್ ಇಡುವಲ್ಲಿ ನೆಲದ ಹತ್ತಿರ ಸ್ವಿಚ್ಚು ಕೂಡದು. ಅಡಿಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಸ್ವಿಚ್ಚಿನ ಒಂದು ಕಿಡಿ ಸಾಕು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ಮೂರು ತೂತಿನ ಪ್ಲಗ್ಗು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಕೆಲವು ಮನೆಗಳಲ್ಲಿ ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ. ಇನ್ನೂ ಕೆಲವು ಕಡೆ ಖರ್ಚು ಉಳಿಸಲು ನ್ಯೂಟ್ರಲ್ಲನ್ನೇ ಅದಕ್ಕೆ ಸೇರಿಸಿರುತ್ತಾರೆ. ಇದು ಇಲ್ಲದಿರುವುದಕ್ಕಿಂತಲೂ ಅಪಾಯ. ನ್ಯೂಟ್ರಲ್ ಎಲ್ಲಾದರೂ ಕಿತ್ತುಹೋದರೆ ಫ್ರಿಜ್ಜು, ಗ್ರೈಂಡರಿನ ಮೈಗೆಲ್ಲ ಕರೆಂಟು ಬರುತ್ತದೆ. ಟೆಸ್ಟರ್ ಹತ್ತಿತೆಂದರೆ ಫೇಸ್ ಇದೆ ಎಂದಷ್ಟೇ ಅರ್ಥ. ಅರ್ಥಿಂಗ್ ಗಟ್ಟಿಯಾಗಿದೆಯೇ ಎಂದು ಅದು ಹೇಳದು. ಅದನ್ನು ತಿಳಿದವರಿಂದಲೇ ಪರೀಕ್ಷೆ ಮಾಡಿಸಬೇಕು, ಮನೆಯವರು ಕೈಹಾಕಬಾರದು. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮಾತ್ರ ನಾವೇ ಮರೆಯದೆ ಮಾಡೋಣ.

ಐದನೆಯದು, ಕಾವಲಿನ ಸಾಧನಗಳು. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಎರಡೂ ಬೇಕು. 1.5ರ ವೈರಿಗೆ 10, 2.5ರ ವೈರಿಗೆ 16 ಆಂಪಿಯರಿನ ಎಂಸಿಬಿ ಹಾಕಿಸಿ. "ಪದೇಪದೇ ಬೀಳುತ್ತೆ" ಅಂತ ದೊಡ್ಡದು ಹಾಕಿಸಿದರೆ ಎಂಸಿಬಿ ಬೀಳುವ ಮೊದಲೇ ವೈರು ಸುಡುತ್ತದೆ. ಫ್ಯೂಸಿಗೆ ದಪ್ಪ ತಂತಿ ಸುತ್ತುವುದೂ ಅದೇ ತಪ್ಪು. ಆರ್‌ಸಿಸಿಬಿಯಾದರೋ ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ತೂಗುತ್ತಲೇ ಇರುತ್ತದೆ. 30 ಮಿಲಿಆಂಪಿಯರಿನಷ್ಟು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಬಿಡುತ್ತದೆ. ಒಂದು 60 ವ್ಯಾಟಿನ ಬಲ್ಬಿನಲ್ಲಿ ಹರಿಯುವ ಕರೆಂಟಿನ ಕಾಲು ಭಾಗವೂ ಜೀವ ತೆಗೆಯಬಲ್ಲದು ಎಂಬುದನ್ನು ನೆನಪಿಡಿ. ಬೆಳಗಿನಿಂದ ರಾತ್ರಿವರೆಗೆ ಒದ್ದೆ ಕೈ, ಬರಿಗಾಲಲ್ಲಿ ಆ ಕಟ್ಟೆಯ ಮುಂದೆ ನಿಲ್ಲುವವರು ನಮ್ಮ ತಾಯಂದಿರು, ಹೆಂಡಂದಿರು, ಸೊಸೆಯಂದಿರು. ಕೆಲಸ ಗೊತ್ತುಮಾಡುವವರು ಮಾತ್ರ ಗಂಡಸರು! ಅಡಿಗೆ ಮಾಡುವವರನ್ನು ಕೇಳದೆ ಪ್ಲಗ್ಗಿನ ಜಾಗ ಗುರುತು ಮಾಡಬೇಡಿ.

ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸು ಇರುವ ಕಂಟ್ರಾಕ್ಟರಿಗೇ ಕೊಡಿ. ಗಾರೆ ಮೆತ್ತುವ ಮುನ್ನ ಗೋಡೆಯ ಪಕ್ಕ ಟೇಪು ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮುಂದೆ ನೀರಿನ ಫಿಲ್ಟರಿಗೋ ಚಿಮಣಿಗೋ ಮೊಳೆ ಹೊಡೆಯುವಾಗ ಒಳಗಿನ ವೈರು ಎಲ್ಲಿದೆಯೆಂದು ಅದೇ ಹೇಳುತ್ತದೆ. ಕೊನೆಯಲ್ಲಿ ಮೆಗ್ಗರ್ ಎಂಬ ಯಂತ್ರದಿಂದ ವೈರಿನ ಹೊದಿಕೆಯ ಪರೀಕ್ಷೆ ಆಗಬೇಕು. ಮಿಕ್ಸಿ, ಫ್ರಿಜ್ಜು ಎಲ್ಲ ಕಳಚಿ, 500 ವೋಲ್ಟಿನಲ್ಲಿ ಅಳೆದಾಗ ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಎಲ್ಲೋ ಸೋರಿಕೆ ಇದೆ ಎಂದೇ ತಿಳಿಯಿರಿ. ಆ ಅಂಕಿಯನ್ನು ಬರೆಸಿಕೊಂಡು ಸಹಿ ಹಾಕಿಸಿಕೊಂಡ ಮೇಲೆಯೇ ಕೂಲಿಯ ಬಾಕಿ ಕೊಡಿ. ಇದನ್ನು ಕೇಳಿದರೆ ನಮ್ಮಂಥ ಕೆಲಸದವರಿಗೆ ಬೇಜಾರಾದೀತು ಎಂಬ ಸಂಕೋಚ ಬೇಡ. ಸರಿಯಾಗಿ ಕೆಲಸ ಮಾಡಿದವನು ತೋರಿಸಲು ಹಿಂಜರಿಯುವುದಿಲ್ಲ.

ಆಡಳಿತ ಮಂಡಳಿಗೂ ಎರಡು ಬಿನ್ನಹ. ಸಂಘದ ವತಿಯಿಂದ ಒಂದು ಮೆಗ್ಗರ್ ಕೊಂಡು, ಸದಸ್ಯರ ಮನೆಗಳಿಗೆ ಅಲ್ಪ ಶುಲ್ಕಕ್ಕೆ ಸಿಗುವಂತೆ ಮಾಡಿ. ಜೊತೆಗೆ, ಮನೆ ರಿಪೇರಿ ಸಾಲದ ಕೊನೆಯ ಕಂತನ್ನು ವೈರಿಂಗ್ ಪರೀಕ್ಷೆಯ ಚೀಟಿ ನೋಡಿ ಬಿಡುಗಡೆ ಮಾಡಿ. ಸಾಲಕ್ಕೆ ಜಾಮೀನು ಕೇಳುವ ಸಂಘ, ಆ ಮನೆಯವರ ಜೀವಕ್ಕೂ ಒಂದು ಜಾಮೀನು ಕೇಳಿದರೆ ತಪ್ಪೇನಿಲ್ಲ. ಈ ಬೆಳ್ಳಿಹಬ್ಬದ ವರ್ಷವೇ ಅದು ಶುರುವಾಗಲಿ.