ಕಾಲೇಜು ಸೇರಿದ ಮಕ್ಕಳು ಕಾಲೇಜಿನಲ್ಲಿ ಉಳಿಯಬೇಕಾದರೆ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷಗಳ ಲೆಕ್ಕವನ್ನು ಕಾರ್ಯದರ್ಶಿಗಳು ಈಗಷ್ಟೇ ಓದಿದರು. ಷೇರು ಎಷ್ಟು, ಠೇವಣಿ ಎಷ್ಟು, ಕಟಬಾಕಿ ಎಷ್ಟು ಎಂಬುದು ತಮಗೆಲ್ಲ ಗೊತ್ತಾಯಿತು. ಆ ವರದಿಯಲ್ಲಿ ಬಾರದ ಒಂದು ಬಾಕಿಯ ಬಗ್ಗೆ ನಾವು ನಾಲ್ಕು ಮಾತು ಹೇಳುತ್ತೇವೆ. ನಮ್ಮೂರಿಂದ ಕಾಲೇಜಿಗೆ ಹೋದ ಮಕ್ಕಳಲ್ಲಿ ಕೆಲವರು ಮೊದಲ ವರ್ಷ ಮುಗಿಯುವುದರೊಳಗೇ ಪುಸ್ತಕ ಕಟ್ಟಿಟ್ಟು ಮನೆಗೆ ಬಂದಿದ್ದಾರೆ.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೂ ಮೊದಲು ನಮ್ಮ ಭಾಗದವರು ಪದವಿ ಓದಬೇಕೆಂದರೆ ಪುಣೆ, ಮುಂಬಯಿಯ ದಾರಿ ಹಿಡಿಯಬೇಕಿತ್ತು. ಆಮೇಲೂ ಮುರುಘಾಮಠದ ಪ್ರಸಾದ ನಿಲಯದಂಥ ಆಸರೆ ಸಿಕ್ಕ ಬಡ ಹುಡುಗರು ಓದಿ ಮುಂದೆ ಬಂದರು. ಈಗ ದೂರ ಕಡಿಮೆಯಾಗಿದೆ. ಗದಗದಲ್ಲಿ ತೋಂಟದಾರ್ಯ ಇಂಜಿನಿಯರಿಂಗ್ ಕಾಲೇಜಿದೆ, ಲಕ್ಷ್ಮೇಶ್ವರದಲ್ಲಿ ಅಗಡಿ ಇಂಜಿನಿಯರಿಂಗ್ ಕಾಲೇಜಿದೆ, ಮುಂಡರಗಿಯಲ್ಲಿ ಬೆಲ್ಲದ ಕಾಲೇಜಿದೆ. ಗದಗಕ್ಕೆ 2015ರಲ್ಲಿ ವೈದ್ಯಕೀಯ ಕಾಲೇಜೂ ಬಂತು, ಮರುವರ್ಷ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯವೂ ಬಂತು. ಕಾಲೇಜು ನಮ್ಮ ಹತ್ತಿರ ಬಂದವು. ನಮ್ಮ ಮಕ್ಕಳು ಮಾತ್ರ ಅಲ್ಲಿ ನಿಲ್ಲುತ್ತಿಲ್ಲ.

ಯಾಕೆ? "ಹುಡುಗಗ ಓದಾಕ ಮನಸ್ಸಿಲ್ರೀ" ಎಂದು ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಡುತ್ತೇವೆ. ನಾವೂ ಹಾಗೇ ಅಂದಿದ್ದೆವು. ನಮ್ಮ ಸದಸ್ಯರೊಬ್ಬರ ಮಗ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು ಗದಗಕ್ಕೆ ಹೋದ, ದಸರೆಗೆ ಬಂದವನು ತಿರುಗಿ ಹೋಗಲಿಲ್ಲ. ವರ್ಷ ಕಳೆದ ಮೇಲೆ ಅವನನ್ನೇ ಕೂಡಿಸಿಕೊಂಡು ಕೇಳಿದೆವು. ನಮ್ಮೂರ ಮೊದಲ ಬಸ್ಸು ಗದಗ ಮುಟ್ಟುವುದರೊಳಗೆ ಮೊದಲ ಪಿರಿಯಡ್ ಮುಗಿದಿರುತ್ತಿತ್ತು. ಆಗಸ್ಟಿನಲ್ಲಿ ಹೆಸರು ಬಿಡಿಸಲು ಆಳು ಸಿಗದೆ ಎರಡು ವಾರ ಹೊಲದಲ್ಲಿ ನಿಂತ. ಹಾಜರಿ ಶೇಕಡಾ 75 ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲವೆಂದು ನೋಟಿಸ್ ಬಂತು. ಯಾರನ್ನು ಕಾಣಬೇಕು, ಏನು ಹೇಳಬೇಕು, ಗೊತ್ತಾಗಲಿಲ್ಲ. "ಅಲ್ಲಿ ನನ್ನ ಹೆಸರು ಹಿಡದು ಕರಿಯೋರು ಒಬ್ರೂ ಇರಲಿಲ್ರೀ" ಎಂದ. ಆ ಮಾತು ನಮ್ಮನ್ನು ಇವತ್ತಿಗೂ ಬಿಟ್ಟಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೊ ಎಂಬುವವರು 1975ರಲ್ಲಿ ಇದೇ ವಿಷಯವಾಗಿ ಬರೆದರು. ವಿದ್ಯಾರ್ಥಿ ಕಾಲೇಜು ಬಿಡುವುದಕ್ಕೆ ಬುದ್ಧಿ ಕಡಿಮೆ ಎಂಬುದೊಂದೇ ಕಾರಣವಲ್ಲ, ಅಲ್ಲಿಯ ಪಾಠದ ಜೊತೆಗೂ ಅಲ್ಲಿಯ ಮಂದಿಯ ಜೊತೆಗೂ ಅವನಿಗೆ ನಂಟು ಬೆಳೆಯಬೇಕು ಎಂಬುದು ಅವರ ವಾದ. ಅಮೆರಿಕದ ಮಾತು ನಮಗ್ಯಾಕ ಅಂತೀರಿ. ಆದರೆ ನಮ್ಮ ಹುಡುಗ ಹೇಳಿದ್ದೂ ಅದನ್ನೇ ಅಲ್ಲವೇ?

ಇನ್ನು ದುಡ್ಡಿನ ಮಾತು. ಇದರಲ್ಲಿ ನಮ್ಮದೂ ತಪ್ಪಿದೆ. ಆ ಹುಡುಗನ ತಂದೆ ನಾಲ್ಕು ಸಾವಿರ ರೂಪಾಯಿ ಕೇಳಿಕೊಂಡು ಇದೇ ಸಂಘದ ಮೆಟ್ಟಿಲು ಹತ್ತಿದ್ದರು. ಬೆಳೆಸಾಲ ಆಗಲೇ ಎತ್ತಿದ್ದೀರಿ, ಓದಿಗೆ ಸಾಲ ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಹೇಳಿ ಕಳಿಸಿದೆವು. ಕಾಲೇಜು ಶುರುವಾಗುವ ಹೊತ್ತಿಗೆ ಒಕ್ಕಲಿಗನ ಕೈ ಬರಿದಾಗಿರುತ್ತದೆ. ಇದ್ದದ್ದೆಲ್ಲ ಬೀಜಕ್ಕೆ, ಗೊಬ್ಬರಕ್ಕೆ ಹೋಗಿರುತ್ತದೆ. ಹೆಸರು ಪೇಟೆಗೆ ಹೋಗಿ ಹಣ ಕಾಣಬೇಕಾದರೆ ಆಗಸ್ಟ್, ಸೆಪ್ಟೆಂಬರ್ ಆಗಬೇಕು; ಉಳ್ಳಾಗಡ್ಡಿ, ಮೆಣಸಿನಕಾಯಿ ಇನ್ನೂ ತಡ. ಸರ್ಕಾರದ ವಿದ್ಯಾರ್ಥಿ ವೇತನ ಕೈಗೆ ಬರಲು ಎಷ್ಟೋ ತಿಂಗಳು ಹಿಡಿಯುತ್ತದೆ. ಪ್ರವೇಶ ಶುಲ್ಕ, ರೂಮಿನ ಅಡ್ವಾನ್ಸ್, ಬಸ್ ಪಾಸು ಮಾತ್ರ ಅಷ್ಟು ದಿನ ಕಾಯುವುದಿಲ್ಲ. ಬಿತ್ತನೆಗೆ ಹದ ಇರುತ್ತದೆ, ಹದ ತಪ್ಪಿದ ಮೇಲೆ ಕೊಟ್ಟ ಸಾಲ ಉಪಯೋಗಕ್ಕಿಲ್ಲ ಎಂದು ತಿಳಿದ ಸಂಘ ನಮ್ಮದು. ಓದಿಗೂ ಹದ ಇದೆ ಎಂಬುದು ನಮಗೆ ತಿಳಿಯಲಿಲ್ಲ.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತವಾಯಿತು. ಇದರಿಂದ ಅನುಕೂಲವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ತುಂಬಿದ ಬಸ್ಸು ನಮ್ಮ ಕ್ರಾಸಿನಲ್ಲಿ ನಿಲ್ಲದೆ ಹೋದರೆ ಉಚಿತ ಚೀಟಿ ಏನು ಮಾಡೀತು? ಸಂಜೆ ತಡವಾಯಿತೆಂದರೆ ತಾಯಂದಿರಿಗೆ ಜೀವದಲ್ಲಿ ಜೀವ ಇರುವುದಿಲ್ಲ. "ಸಾಕು ಬಿಡವ್ವಾ, ಮುಂದಿನ ವರ್ಷ ಮದಿವಿ ಮಾಡೂಣು" ಎನ್ನುವ ಮಾತು ಬಹಳ ಸಲ ಬಸ್ ನಿಲ್ದಾಣದಲ್ಲೇ ಹುಟ್ಟುತ್ತದೆ.

ನಾವು ಕೂತಿರುವ ಈ ಜಿಲ್ಲೆ ಸಾಮಾನ್ಯದ್ದಲ್ಲ. 1905ರಲ್ಲಿ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದು ಇಲ್ಲಿಯೇ. ಸಮಯಕ್ಕೆ ಸರಿಯಾಗಿ, ನ್ಯಾಯವಾದ ಬಡ್ಡಿಗೆ ದುಡ್ಡು ಸಿಗಲೆಂದೇ ಸಂಘ ಬೇಕಾಯಿತು. ನಾವು ಪ್ರತಿವರ್ಷ ಲಾಭದಲ್ಲಿ ಸಹಕಾರ ಶಿಕ್ಷಣ ನಿಧಿಗೆ ಹಣ ಕಟ್ಟುತ್ತೇವೆ. ಅದು ಸಹಕಾರ ತರಬೇತಿಗೆ ಇರುವ ಹಣ, ನಮ್ಮ ಮಕ್ಕಳ ಫೀಗೆ ಬರುವುದಿಲ್ಲ. ಆದ್ದರಿಂದ ಬೇರೆ ದಾರಿ ನೋಡಬೇಕು.

ಮುಂದಿನ ವಾರ್ಷಿಕ ಸಭೆಯಲ್ಲಿ ಒಂದು ಠರಾವು ಮಂಡಿಸುತ್ತೇವೆ. ಸದಸ್ಯರ ಮಕ್ಕಳಿಗೆ ಪ್ರವೇಶದ ತಿಂಗಳಲ್ಲೇ ಐದು ಸಾವಿರದವರೆಗೆ ಕೈಸಾಲ, ತಂದೆ ಅಥವಾ ತಾಯಿಯ ಷೇರಿನ ಆಧಾರದ ಮೇಲೆ. ವಿದ್ಯಾರ್ಥಿ ವೇತನ ಬಂದ ಮೇಲೆ ಇಲ್ಲವೇ ಸುಗ್ಗಿಯಲ್ಲಿ ವಸೂಲಿ. ಉಪನಿಯಮ ತಿದ್ದಬೇಕಾದರೆ ತಿದ್ದೋಣ. ದುಡ್ಡು ಬೇಡದ ಕೆಲಸಗಳು ನಾಳೆಯೇ ಶುರುವಾಗಲಿ. ವೇತನದ ಅರ್ಜಿಯನ್ನು ಸಂಘದ ಕಂಪ್ಯೂಟರಿನಲ್ಲೇ ತುಂಬಿಕೊಡುತ್ತೇವೆ. ಅಂಕಪಟ್ಟಿಯ ಹೆಸರು, ಆಧಾರದ ಹೆಸರು ಒಂದೇ ಇದೆಯೋ, ಬ್ಯಾಂಕ್ ಖಾತೆಗೆ ಆಧಾರ ಜೋಡಣೆ ಆಗಿದೆಯೋ ಮೊದಲೇ ನೋಡಿಕೊಳ್ಳಿ. ಇಷ್ಟರಲ್ಲೇ ಎಷ್ಟೋ ಅರ್ಜಿ ಸಿಕ್ಕಿಬೀಳುತ್ತವೆ. ಬಸ್ಸಿನ ವೇಳೆ ಬದಲಿಸಲು ಡಿಪೋಕ್ಕೆ ಕೊಡುವ ಮನವಿ ಬರೆದಾಗಿದೆ, ತಾವೆಲ್ಲ ಸಹಿ ಮಾಡಿ ಹೋಗಬೇಕು. ಗದಗದಲ್ಲಿ ಎರಡನೆಯ, ಮೂರನೆಯ ವರ್ಷ ಓದುತ್ತಿರುವ ನಮ್ಮೂರ ಮಕ್ಕಳು ಹೊಸದಾಗಿ ಸೇರಿದವರನ್ನು ಮೊದಲ ತಿಂಗಳು ಜೊತೆಗೆ ಕರೆದುಕೊಂಡು ಓಡಾಡಬೇಕು. ಹೆಸರು ಬಿಡಿಸುವ ಹದಿನೈದು ದಿನ ತಂದೆಯವರು ಮಗನ ಬದಲು ಆಳು ನೋಡಬೇಕು. ಇದು ಕಷ್ಟದ ಮಾತು, ಗೊತ್ತಿದೆ.

ಆ ಹುಡುಗನ ತಂಗಿ ಈ ವರ್ಷ ಪಿಯುಸಿ ಪಾಸಾಗಿದ್ದಾಳೆ. ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ, ಸಂಘದಲ್ಲಿ ತುಂಬಿದ ಮೊದಲ ಅರ್ಜಿ ಅವಳದು. ಸಹಿ ಮಾಡುವ ಕಾಗದ ಬಾಗಿಲ ಬಳಿಯ ಟೇಬಲ್ಲಿನ ಮೇಲಿದೆ.