ಐಸೋಟೋಪ್ ಪರೀಕ್ಷೆಗೆ ಸರಿಯಾದ ಪ್ರಮಾಣ ವಸ್ತು



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಬ್ಬು ಬೆಳೆಗಾರರಿಗೆ ಕಾಟಾದ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮುದ್ರೆಯೊತ್ತಿದ ತೂಕವಿಟ್ಟು ಪರೀಕ್ಷಿಸದ ಕಾಟಾದ ಅಂಕಿಯನ್ನು ಯಾರೂ ನಂಬುವುದಿಲ್ಲ. ಮಣ್ಣು, ಬೆಳೆಗಳ ಐಸೋಟೋಪ್ ಪರೀಕ್ಷೆಗೂ ಇದೇ ಮಾತು. ಅಲ್ಲಿ ಮುದ್ರೆಯ ತೂಕದ ಕೆಲಸ ಮಾಡುವುದು ಪ್ರಮಾಣ ವಸ್ತು.

ಇಂಗಾಲದಲ್ಲಿ 13 ತೂಕದ ಪರಮಾಣುಗಳು ಶೇಕಡಾ 1ರಷ್ಟು ಮಾತ್ರ. ಉಳಿದವು 12 ತೂಕದವು. ಗಾಳಿಯ ಸಾರಜನಕದಲ್ಲಿ 15 ತೂಕದವು ಶೇಕಡಾ 0.37ರಷ್ಟು. ಈ ಪ್ರಮಾಣದ ಸಣ್ಣ ವ್ಯತ್ಯಾಸವನ್ನು ಸಾವಿರಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಕಬ್ಬು, ಜೋಳ, ಗೋವಿನಜೋಳಗಳ ಇಂಗಾಲದ ಅಂಕಿ ಸುಮಾರು −12. ಕಡಲೆ, ಗೋಧಿ, ಸೋಯಾಗಳದು ಸುಮಾರು −27. ಸಾರಜನಕಕ್ಕೆ ಗಾಳಿಯೇ ಸೊನ್ನೆ.

ಪ್ರಮಾಣ ವಸ್ತುವನ್ನು ಆರಿಸುವಾಗ ಮೂರು ಅಂಶಗಳನ್ನು ಗಮನಿಸತಕ್ಕದ್ದು.

ಮೊದಲನೆಯದಾಗಿ, ಒಂದು ಸಾಲದು, ಎರಡು ಬೇಕು. ಮಾದರಿಯ ಅಂಕಿ ಅವೆರಡರ ನಡುವೆ ಬೀಳಬೇಕು. ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಐಎಇಎ-ಸಿಎಚ್-6 ಎಂಬ ಸಕ್ಕರೆಯ ಅಂಕಿ −10.45. ಅಮೆರಿಕದ ಯುಎಸ್‌ಜಿಎಸ್ 91 ಎಂಬ ಅಕ್ಕಿ ಹಿಟ್ಟಿನದು −28.28. ಕಬ್ಬು, ಕಡಲೆ ಎರಡೂ ಇವುಗಳ ನಡುವೆ ಬರುತ್ತವೆ.

ಎರಡನೆಯದಾಗಿ, ಸಕ್ಕರೆಯಲ್ಲಿ ಸಾರಜನಕವಿಲ್ಲ. ಆದ್ದರಿಂದ ಸಾರಜನಕಕ್ಕೆ ಬೇರೆ ಜೋಡಿ ಬೇಕು. ಯುಎಸ್‌ಜಿಎಸ್ 40 ಎಂಬ ಗ್ಲುಟಾಮಿಕ್ ಆಮ್ಲ (−4.52) ಮತ್ತು ಯುಎಸ್‌ಜಿಎಸ್ 90 ಎಂಬ ಸಿರಿಧಾನ್ಯದ ಹಿಟ್ಟು (+8.84) ಈ ಕೆಲಸಕ್ಕೆ ಬರುತ್ತವೆ.

ಮೂರನೆಯದಾಗಿ, ಪ್ರಮಾಣ ವಸ್ತು ಆದಷ್ಟು ಮಾದರಿಯ ಜಾತಿಯದೇ ಆಗಿರಬೇಕು. ಎರಡನ್ನೂ ಒಂದೇ ರೀತಿ ಉರಿಸಿ ಅಳೆಯಬೇಕು. ಇವು ದುಬಾರಿ ವಸ್ತುಗಳು. ಆದಕಾರಣ ನುಣ್ಣಗೆ ಬೀಸಿದ ಜೋಳದ ಹಿಟ್ಟನ್ನು ಇವುಗಳೊಡನೆ ಹೋಲಿಸಿಟ್ಟುಕೊಂಡು, ಪ್ರತಿ ಹತ್ತು ಮಾದರಿಗಳ ನಂತರ ಪರೀಕ್ಷಿಸಿದರೆ ಯಂತ್ರದ ಏರುಪೇರು ಗೊತ್ತಾಗುತ್ತದೆ.

ಯಂತ್ರ ಸರಿಯಿದ್ದರೂ ಹೊಲದಲ್ಲಿ ತಪ್ಪಬಹುದು. ಕಡಲೆ ಗಾಳಿಯಿಂದ ಎಷ್ಟು ಸಾರಜನಕ ಪಡೆಯಿತು ಎಂದು ತಿಳಿಯಲು ಪಕ್ಕದಲ್ಲಿ ಗೋಧಿಯಂತಹ ಹೋಲಿಕೆ ಬೆಳೆ ಬೇಕು. ಲೆಕ್ಕಕ್ಕಾಗಿ, ಕಡಲೆಯ ಅಂಕಿ +2, ಗೋಧಿಯದು +6, ಗಾಳಿಯ ಸಾರಜನಕದಿಂದಲೇ ಬೆಳೆದ ಕಡಲೆಯದು −2 ಎಂದಿಟ್ಟುಕೊಳ್ಳಿ. ಗೋಧಿಗೂ ಕಡಲೆಗೂ ಇರುವ ಅಂತರ 4. ಗೋಧಿಗೂ −2ಕ್ಕೂ ಇರುವ ಅಂತರ 8. ಹಾಗಾಗಿ ಗಾಳಿಯ ಪಾಲು ಶೇಕಡಾ 50. ಕೊಟ್ಟಿಗೆ ಗೊಬ್ಬರ ಹೆಚ್ಚು ಹಾಕಿದ ಬೇರೆ ಹೊಲದಿಂದ +10 ಇರುವ ಗೋಧಿ ತಂದರೆ ಅದೇ ಪಾಲು ಶೇಕಡಾ 67 ಎನಿಸುತ್ತದೆ. ಅದನ್ನು ನಂಬಿ ಮುಂದಿನ ಬೆಳೆಗೆ ಗೊಬ್ಬರ ಕಡಿತಗೊಳಿಸಿದರೆ ನಷ್ಟ ರೈತನಿಗೇ.

ಎರೆಭೂಮಿಯ ಮಣ್ಣಿನಲ್ಲಿ ಸುಣ್ಣದ ಹರಳುಗಳಿರುತ್ತವೆ. ಸಾವಯವ ಇಂಗಾಲವನ್ನು ಅಳೆಯುವ ಮುನ್ನ ಆಮ್ಲದಿಂದ ಸುಣ್ಣ ತೆಗೆಯದಿದ್ದರೆ ಅಂಕಿ ಸೊನ್ನೆಯತ್ತ ಸರಿಯುತ್ತದೆ. ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಕಬ್ಬಿನ ರವದಿಯಿಂದ ಬಂದ ಇಂಗಾಲವನ್ನು ಈ ಪರೀಕ್ಷೆ ಬೇರ್ಪಡಿಸಲಾರದು. ಎರಡರ ಅಂಕಿಯೂ ಒಂದೇ.

ಆದ್ದರಿಂದ ವಿಸ್ತರಣಾ ಕಾರ್ಯಕರ್ತರು ವರದಿ ಕೈಗೆ ಬಂದಾಗ, ಯಾವ ಎರಡು ಪ್ರಮಾಣ ವಸ್ತುಗಳೊಡನೆ ಅಳೆದರು, ಹೋಲಿಕೆ ಬೆಳೆ ಯಾವ ಹೊಲದ್ದು ಎಂದು ಮೊದಲು ಕೇಳಬೇಕು. ಉತ್ತರ ಸಿಗದ ವರದಿಯ ಮೇಲೆ ಗೊಬ್ಬರದ ಸಲಹೆ ಕೊಡಬಾರದು.