ಮರೆವಿನ ಪರೀಕ್ಷೆ: ಪಕ್ಕದಿಂದ ಉತ್ತರ ಹೇಳಿಕೊಡಬೇಡಿ

(ಹೊರರೋಗಿಗಳ ವಿಭಾಗದಲ್ಲಿ ನೀಡಿದ ಆರೋಗ್ಯ ಮಾಹಿತಿ ಉಪನ್ಯಾಸದ ಸಾರಾಂಶ)



ಕೆಲವು ದಿನಗಳ ಹಿಂದೆ ಒಬ್ಬ ಅಜ್ಜಿಗೆ ಮೂರು ಪದ ಹೇಳಿ, ಸ್ವಲ್ಪ ಹೊತ್ತಿನ ನಂತರ ಅವನ್ನೇ ಕೇಳಿದೆ. ಅಜ್ಜಿ ಮಗನ ಮುಖ ನೋಡಿದರು. ಮಗ ಮೆಲ್ಲಗೆ ಮೂರನ್ನೂ ಹೇಳಿಕೊಟ್ಟರು. ತಾಯಿಗೆ ಅವಮಾನ ಆಗಬಾರದು ಎಂಬ ಪ್ರೀತಿ ಅದು. ಆದರೆ ಅಂಥ ಪ್ರೀತಿಯಿಂದ ಕಾಯಿಲೆ ಮುಚ್ಚಿಹೋಗುತ್ತದೆ. ಬೇರೆ ಪದಗಳನ್ನು ಕೊಟ್ಟು ಮತ್ತೆ ಪರೀಕ್ಷಿಸಿದಾಗ ಅಜ್ಜಿಗೆ ಒಂದೂ ನೆನಪಿರಲಿಲ್ಲ.

ಈ ಪರೀಕ್ಷೆಯ ಹೆಸರು ಮಿನಿ-ಕಾಗ್. ಸುಮಾರು 3 ನಿಮಿಷ ಸಾಕು. ಮೊದಲು ಮೂರು ಪದ ಹೇಳುತ್ತೇವೆ. ನಂತರ ಗಡಿಯಾರದ ಚಿತ್ರ ಬರೆದು, 11 ಗಂಟೆ 10 ನಿಮಿಷ ತೋರಿಸಲು ಹೇಳುತ್ತೇವೆ. ಕೊನೆಗೆ ಆ ಮೂರು ಪದಗಳನ್ನು ಕೇಳುತ್ತೇವೆ. ನಡುವೆ ಗಡಿಯಾರ ಬರೆಸುವುದರಿಂದ ಪದಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಕೂರಲು ಆಗುವುದಿಲ್ಲ.

11 ಗಂಟೆ 10 ನಿಮಿಷವೇ ಏಕೆ? ‘ಹತ್ತು’ ಎಂದು ಕೇಳಿದರೂ ದೊಡ್ಡ ಮುಳ್ಳನ್ನು 2ರ ಕಡೆಗೆ ಇಡಬೇಕು. ಯೋಚನಾಶಕ್ತಿ ಕುಂದಿದ್ದರೆ ಕೈ ನೇರವಾಗಿ 10ಕ್ಕೇ ಹೋಗಬಹುದು. ಚಿತ್ರ ಅಂದವಾಗಿರಬೇಕಿಲ್ಲ, ಅಂಕಿ, ಮುಳ್ಳು ಸರಿಯಿದ್ದರೆ ಸಾಕು.

ನೆನಪಾದ ಪ್ರತಿ ಪದಕ್ಕೆ 1 ಅಂಕ, ಸರಿಯಾದ ಗಡಿಯಾರಕ್ಕೆ 2. ಒಟ್ಟು 5ರಲ್ಲಿ 3ಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ತಪಾಸಣೆ ಬೇಕು ಎಂದಷ್ಟೇ ಅರ್ಥ. ಕಾಯಿಲೆ ಇದೆ ಎಂಬ ತೀರ್ಮಾನ ಅದಲ್ಲ.

ಶಾಲೆಗೆ ಹೋಗದವರಿಗೆ ಗಡಿಯಾರ ಬರೆಯುವುದೇ ಕಷ್ಟ. ಅದನ್ನು ಮರೆವು ಎಂದು ತಿಳಿಯಬಾರದು. ಇಂಥವರಿಗೆಂದೇ ಹರಿಯಾಣದ ಬಲ್ಲಭಗಡದಲ್ಲಿ ರೂಪಿಸಿದ ಹಿಂದಿ ಪರೀಕ್ಷೆ 1995ರಲ್ಲಿ ಪ್ರಕಟವಾಯಿತು. ಅದರಲ್ಲಿ ಓದಿಸುವ ಬದಲು, ಕಣ್ಣು ಮುಚ್ಚಿ ತೋರಿಸಿ ‘ನಾನು ಮಾಡಿದಂತೆ ಮಾಡಿ’ ಎನ್ನುತ್ತಾರೆ. ಆದ್ದರಿಂದ ಹಿರಿಯರು ಎಷ್ಟು ಓದಿದ್ದಾರೆ, ಕಿವಿ ಕೇಳಿಸುತ್ತದೆಯೇ ಎಂಬುದನ್ನು ಮೊದಲೇ ತಿಳಿಸಿ. ಕನ್ನಡಕ ಮರೆಯದೆ ತನ್ನಿ.

‘ಅರವತ್ತಕ್ಕೆ ಅರಳು ಮರಳು’ ಎಂದು ಸುಮ್ಮನಿರಬೇಡಿ. ಥೈರಾಯ್ಡ್ ಕೊರತೆ, ವಿಟಮಿನ್ ಬಿ-12 ಕೊರತೆ, ಖಿನ್ನತೆ, ಕೆಲವು ನಿದ್ರೆ ಮಾತ್ರೆಗಳು ಕೂಡ ಮರೆವು ತರುತ್ತವೆ. ಇವುಗಳಿಗೆ ಚಿಕಿತ್ಸೆಯಿದೆ. ಆದ್ದರಿಂದ ಸೇವಿಸುವ ಎಲ್ಲ ಮಾತ್ರೆಗಳನ್ನೂ ಜೊತೆಗೆ ತನ್ನಿ. ಒಂದೆರಡು ದಿನದಲ್ಲೇ ಹಠಾತ್ತಾಗಿ ಗೊಂದಲ, ಬಡಬಡಿಕೆ ಶುರುವಾದರೆ ಪರೀಕ್ಷೆಯ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.

ಆ ಅಜ್ಜಿಯ ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕೊರತೆ ಕಂಡುಬಂದು, ಚಿಕಿತ್ಸೆ ಆರಂಭವಾಗಿದೆ. ಮಗ ಹೇಳಿಕೊಟ್ಟ ಉತ್ತರವನ್ನೇ ಬರೆದುಕೊಂಡಿದ್ದರೆ ಅವರನ್ನು ಅಂದೇ ಮನೆಗೆ ಕಳಿಸಿಬಿಡುತ್ತಿದ್ದೆವು.

ಬಂಧುಗಳೇ, ಪರೀಕ್ಷೆಯ ಹೊತ್ತಿನಲ್ಲಿ ಹಿರಿಯರ ಪಕ್ಕದಲ್ಲಿ ಕೂತಿರಿ, ಧೈರ್ಯ ಕೊಡಿ. ಉತ್ತರ ಮಾತ್ರ ಅವರೇ ಹೇಳಲಿ. ಮನೆಯಲ್ಲಿ ನೀವು ಗಮನಿಸಿದ್ದನ್ನು ಆಮೇಲೆ ನಮಗೆ ಹೇಳಿ. ಅದೂ ನಮಗೆ ಬೇಕು.